ಕೃಷ್ಣಮೂರ್ತಿಯವರ ಗುಡಿಸು ಎಲ್ಲಿ ಹೋಯ್ತು?

ಜಯನಗರದ ಒಂದು ಕ್ಲಿನಿಕ್ಕಿಗೆ ಟೋಕನ್ ಬೋರ್ಡಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಗೋಡೆ ಮೇಲಿನ ಟಿವಿಯಲ್ಲಿ ನಂಬರು, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು. ಜಾಗ ಕಮ್ಮಿ ಅಂತ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೆಸರನ್ನು ಮೊದಲ ಹತ್ತು ಕ್ಯಾರೆಕ್ಟರಿಗೆ ಕತ್ತರಿಸಿದ್ದೆ:

ಹೆಸರು[:10]

(ಹೌದು, ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು.)

ಮೊದಲ ದಿನವೇ ಹಿರಿಯರೊಬ್ಬರು ಕರೆದರು. "ನಾನು ಕೃಷ್ಣಮೂರ್ತಿ ಕಣಪ್ಪಾ. ಅಲ್ಲಿ ನೋಡು, ಕೃಷ್ಣಮೂರ್ತ ಅಂತಿದೆ. ಗುಡಿಸು ಎಲ್ಲಿ ಹೋಯ್ತು?"

ನಮ್ಮ ಲೆಕ್ಕಕ್ಕೆ ಅದು ನಾಲ್ಕೇ ಅಕ್ಷರ: ಕೃ, ಷ್ಣ, ಮೂ, ರ್ತಿ. ಪೈಥಾನ್ ಲೆಕ್ಕಕ್ಕೆ ಹನ್ನೊಂದು. ವಟ್ರಸುಳಿ, ಕೊಂಬು, ಗುಡಿಸು, ಒತ್ತಕ್ಷರದ ನಡುವೆ ಕಾಣದೆ ಕೂತಿರುವ ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಎಲ್ಲಕ್ಕೂ, ಲಿಪಿಗಳಿಗೆಲ್ಲ ನಂಬರು ಕೊಡುವ ಯೂನಿಕೋಡ್‌ನಲ್ಲಿ ಬೇರೆ ಬೇರೆ ನಂಬರು. ‘ಕನ್ನಡ’ ಅನ್ನೋ ಪದವನ್ನೇ ಪೈಥಾನಿನಲ್ಲಿ ಉದ್ದ ಎಣಿಸುವ ಲೆನ್ ಫಂಕ್ಷನ್‌ಗೆ ಕೊಟ್ಟು ನೋಡಿ, 5 ಅನ್ನುತ್ತದೆ. ಆ ನಂಬರುಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಉಳಿಸಿದರೆ 15 ಬೈಟು.

ಸರಿ, ಕತ್ತರಿಸುವ ಜಾಗದಿಂದ ಹಿಂದೆ ಸರಿಯುವ ಲೂಪ್ ಬರೆದೆ. ಮುಂದಿನದು ಕಾಗುಣಿತದ ಚಿಹ್ನೆಯೋ ಹಲಂತವೋ ಆಗಿದ್ದರೆ ಒಂದು ಹೆಜ್ಜೆ ಹಿಂದೆ. ಹಿಂದಿನದು ಹಲಂತವಾಗಿದ್ದರೂ ಹಿಂದೆ. ಲೂಪ್ ಸರಿಯಾಗೇ ಓಡಿತು. ಬೋರ್ಡಿನಲ್ಲಿ ಬಂದದ್ದು ‘ಕೃಷ್ಣಮೂ’. ಇದನ್ನು ಅವರಿಗೆ ತೋರಿಸೋಕಾಗುತ್ತಾ? ಕತ್ತರಿಸೋದನ್ನೇ ಬಿಟ್ಟೆ. ಫಾಂಟ್ ಸ್ವಲ್ಪ ಚಿಕ್ಕದು ಮಾಡಿ, ಉದ್ದದ ಹೆಸರು ಎರಡನೇ ಸಾಲಿಗೆ ಇಳಿಯಲಿ ಅಂದೆ. ಎಸ್‌ಎಂಎಸ್‌ಗಾದರೆ ಲೂಪ್ ಬೇಕಾಗಬಹುದು. ಇಂಗ್ಲಿಷಿನಲ್ಲಿ 160 ಹಿಡಿಸುವ ಒಂದು ಮೆಸೇಜಿಗೆ ಕನ್ನಡ ಬಂದರೆ 70 ಮಾತ್ರ, ಅದೂ ಪೈಥಾನ್ ಎಣಿಸೋ ಹಾಗೆ.

ಆಮೇಲೆ ಹುಡುಕಾಟದ ಗೋಳು. ಕೌಂಟರಿನ ಹುಡುಗಿ ‘ರಾಜ್‌ಕುಮಾರ್’ ಅಂತ ಟೈಪ್ ಮಾಡಿದರೆ ಹೆಸರು ಸಿಗುತ್ತಿರಲಿಲ್ಲ. ಆ ಜ್ ಮತ್ತು ಕು ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತದೆ, ಅದರ ನಂಬರು 200ಸಿ. ಡೇಟಾಬೇಸಿನಲ್ಲಿದ್ದ ಹೆಸರಿನಲ್ಲಿ ಅದು ಇರಲಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯಿಂದ ಅದನ್ನು ತೆಗೆದುಬಿಡಿ. ಜೊತೆಗೆ ಎನ್‌ಎಫ್‌ಸಿ ನಾರ್ಮಲೈಸ್ ಕೂಡ ಮಾಡಿ, ಅಂದರೆ ಬೇರೆ ಬೇರೆ ಥರ ಬರೆದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತನ್ನಿ. ‘ಕೋ’ದ ಚಿಹ್ನೆ ಇಡಿಯಾಗಿ ಒಂದೇ ನಂಬರಾಗಿ ಬರಬಹುದು, ಮೂರು ತುಂಡಾಗಿಯೂ ಬರಬಹುದು. ನೋಡೋಕೆ ಎರಡೂ ಒಂದೇ!

ರಾತ್ರಿ ಮನೆಗೆ ಬಂದು ನನ್ನ ಟೆಸ್ಟ್ ಫೈಲ್ ತೆರೆದೆ. ಅದರಲ್ಲಿದ್ದ ಹೆಸರುಗಳು ಕಮಲ, ಸರಳ, ಗಗನ. ಒಂದು ಗುಡಿಸಿಲ್ಲ, ಒಂದು ಒತ್ತಿಲ್ಲ.