ನರ್ಸುಗಳಿಗಾಗಿಯೇ ಹಾಡಿದ ಪಾಪ್ ಗಾಯಕ ಜಾರ್ಜ್ ಮೈಕೆಲ್

2006ರ ಡಿಸೆಂಬರ್. ಲಂಡನ್ನಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ನಾನಾಗ ಸ್ಟಾಫ್ ನರ್ಸ್. ಊರು ಕಾರ್ಕಳದ ಕಡೆ, ಓದಿದ್ದು ಮಂಗಳೂರಿನಲ್ಲಿ. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ನಮ್ಮ ದೇಶದಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಹೋದವಳು. ಒಂದು ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಮುಗಿಸಿ ಹೊರಟಾಗ ಕೊಟ್ಟಾಯಂನ ಹಿರಿಯ ಸಿಸ್ಟರ್, ನನಗೆ ಚೇಚಿ ಅಂದರೆ ಅಕ್ಕ, ತಡೆದು ನಿಲ್ಲಿಸಿದರು.

"ಜಾರ್ಜ್ ಮೈಕೆಲ್ ನರ್ಸುಗಳಿಗೆ ಅಂತಲೇ ಹಾಡ್ತಾನಂತೆ. ದುಡ್ಡು ಕೊಡೋದು ಬೇಡ. ಬರ್ತೀಯಾ?"

"ಚೇಚಿ, ಅವತ್ತು ನನಗೆ ನೈಟ್."

"ಡ್ಯೂಟಿ ಬದಲಾಯಿಸಿಕೊಳ್ಳೋಣ ಬಿಡು."

ಕ್ಯಾಮ್ಡೆನ್‌ನ ರೌಂಡ್‌ಹೌಸ್ ಕಾರ್ಯಕ್ರಮದ ಜಾಗ. 1847ರಲ್ಲಿ ರೈಲು ಎಂಜಿನ್ನುಗಳನ್ನು ತಿರುಗಿಸಿ ನಿಲ್ಲಿಸಲು ಕಟ್ಟಿದ ದುಂಡನೆಯ ಶೆಡ್. ಸುತ್ತಲೂ ಎರಕದ ಕಬ್ಬಿಣದ ಕಂಬಗಳು. ಅಂದು ಅದರ ತುಂಬ ಸುಮಾರು 2,000 ನರ್ಸುಗಳು. ಕೆಲವರು ಶಿಫ್ಟ್ ಮುಗಿಸಿ ನೇರ ಬಂದಿದ್ದರು. ದಿನವಿಡೀ ನಿಂತು ದುಡಿದ ಅದೇ ಕಾಲುಗಳು ಮೊದಲ ಹಾಡಿಗೇ ಕುಣಿಯತೊಡಗಿದವು.

ನಮ್ಮ ಹಾಸ್ಟೆಲಿನಲ್ಲಿ ಆತನ ಹಾಡು 'ಕೇರ್‌ಲೆಸ್ ವಿಸ್ಪರ್' ಕೇಳದವರಿರಲಿಲ್ಲ. ಆ ಸ್ಯಾಕ್ಸೊಫೋನ್ ಶುರುವಾದರೆ ಓದು ನಿಂತಂತೆಯೇ. ಅದರ ರಾಗ ಆತನಿಗೆ ಹೊಳೆದದ್ದು ಹದಿನೇಳರ ಹರೆಯದಲ್ಲಿ, ಬಸ್ಸಿನೊಳಗೆ! ಸೈಪ್ರಸ್‌ನಿಂದ ಬಂದು ಹೋಟೆಲ್ ನಡೆಸುತ್ತಿದ್ದ ಗ್ರೀಕ್ ಅಪ್ಪ, ಇಂಗ್ಲಿಷ್ ಅಮ್ಮ ಲೆಸ್ಲಿ. ಹೆತ್ತವರು ಇಟ್ಟ ಹೆಸರು ಯೊರ್ಗಿಯೊಸ್ ಕಿರಿಯಾಕೊಸ್ ಪನಯೋಟು. ಶಾಲೆಯ ಗೆಳೆಯ ಆಂಡ್ರ್ಯೂ ರಿಜ್ಲಿ ಜತೆ 'ವ್ಯಾಮ್!' ಎಂಬ ಪಾಪ್ ಜೋಡಿ ಕಟ್ಟಿದ, 1986ರಲ್ಲಿ ವೆಂಬ್ಲಿ ಮೈದಾನದಲ್ಲಿ ಅದಕ್ಕೆ ವಿದಾಯ ಹಾಡಿದ. ಮರುವರ್ಷದ 'ಫೇಯ್ತ್' ಆಲ್ಬಮ್‌ಗೆ ಗ್ರ್ಯಾಮಿ ಬಂತು. ಆಮೇಲೆ ತನ್ನ ಹಾಡುಗಳನ್ನು ಹೊರತರುತ್ತಿದ್ದ ಸೋನಿ ಕಂಪನಿಯ ಮೇಲೆ ಕೇಸು ಹಾಕಿ 1994ರಲ್ಲಿ ಸೋತ.

ಆದರೆ ಆತನ ಹಾಡಿನ ದಾರಿ ತಿರುಗಿದ್ದು ರೋಗಿಯ ಮಂಚದ ಪಕ್ಕದಲ್ಲಿ ಎಂದೇ ನಾನು ನಂಬಿದ್ದೇನೆ. 1993ರಲ್ಲಿ ಪ್ರೀತಿಯ ಸಂಗಾತಿ, ಬ್ರೆಜಿಲ್‌ನ ಅನ್ಸೆಲ್ಮೊ ಫೆಲೆಪ್ಪಾ ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡರು. 1997ರಲ್ಲಿ ಅಮ್ಮ ಕ್ಯಾನ್ಸರಿಗೆ ಬಲಿಯಾದರು. ತನ್ನದೇ ಹೊಸ ಹಾಡುಗಳ ಮುಂದಿನ ಆಲ್ಬಮ್ ಬರಲು 2004 ಆಗಬೇಕಾಯಿತು.

ಅಮ್ಮನನ್ನು ನೋಡಿಕೊಂಡ ನರ್ಸುಗಳ ಋಣಕ್ಕಾಗಿಯೇ ಆ ರಾತ್ರಿಯ ಕಛೇರಿ. ಆತ ವೇದಿಕೆಯಿಂದ ಧನ್ಯವಾದ ಹೇಳಿದಾಗ ನನಗೆ ನಮ್ಮ ವಾರ್ಡಿನ ಕೊನೆಯ ಬೆಡ್ ನೆನಪಾಯಿತು. ಅಲ್ಲಿದ್ದ ಅಜ್ಜಿಗೆ ಸಿರಿಂಜ್ ಡ್ರೈವರ್ ಎಂಬ ಪುಟ್ಟ ಪಂಪಿನಲ್ಲಿ ನೋವು ಕಡಿಮೆ ಮಾಡುವ ಮಾರ್ಫಿನ್ ಹನಿಹನಿಯಾಗಿ ಹೋಗುತ್ತಿತ್ತು. ನೀರು ನುಂಗಲಾಗದ ಅವರ ತುಟಿಯನ್ನು ಸ್ಪಂಜಿನ ಕಡ್ಡಿಯಿಂದ ಒದ್ದೆ ಮಾಡುತ್ತಿದ್ದೆ. ಕಡ್ಡಿ ತಾಕಿದಾಗ ಅವರು ಮಗುವಿನಂತೆ ಚೀಪುತ್ತಿದ್ದರು. ಮಗ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದ. ಅಮ್ಮ ಹೋದ ಮೇಲೆ ಅಂಥವರು ಚೀಲ, ಕನ್ನಡಕ, ಚಪ್ಪಲಿ ತೆಗೆದುಕೊಂಡು ಹೋಗುತ್ತಾರೆ. ಮತ್ತೆ ಆ ವಾರ್ಡಿಗೆ ಕಾಲಿಡಲು ಮನಸ್ಸು ಬರುವುದಿಲ್ಲ, ಸಹಜವೇ. ಈತ ಮಾತ್ರ ಒಂಬತ್ತು ವರ್ಷ ಕಳೆದ ಮೇಲೂ ನಮ್ಮನ್ನು ಹುಡುಕಿಕೊಂಡು ಬಂದಿದ್ದ. ಪಕ್ಕದಲ್ಲಿ ಚೇಚಿ ಅಳುತ್ತಲೇ ಹಾಡುತ್ತಿದ್ದರು. ನಾನೂ ಅತ್ತೆ.

2016ರ ಕ್ರಿಸ್‌ಮಸ್ ದಿನ ಆತ ತೀರಿಕೊಂಡ. ವಯಸ್ಸು ಬರೀ 53. ಆಮೇಲೆ ಒಂದೊಂದೇ ಹೊರಬಂತು: 'ಜೀಸಸ್ ಟು ಎ ಚೈಲ್ಡ್' ಹಾಡಿನ ಗಳಿಕೆಯನ್ನು ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್‌ಗೆ ಗುಟ್ಟಾಗಿ ಕೊಟ್ಟಿದ್ದು, ಮನೆಯಿಲ್ಲದವರ ಆಶ್ರಯದಲ್ಲಿ ಹೆಸರು ಹೇಳಿಕೊಳ್ಳದೆ ದುಡಿದದ್ದು. ನನಗೆ ಆಶ್ಚರ್ಯವಾಗಲಿಲ್ಲ.

ಚೇಚಿ ಈಗ ಊರಿನಲ್ಲಿದ್ದಾರೆ. ಫೋನಿನಲ್ಲಿ ನಮ್ಮ ವಾದ ಇನ್ನೂ ಮುಗಿದಿಲ್ಲ. ಅವರಿಗೆ 'ಫೇಯ್ತ್' ಮೇಲು. ನನಗೆ 1996ರ 'ಓಲ್ಡರ್'. ಅದರಲ್ಲಿ ಮಗನ ಸಮಾಧಿಗೆ ಹೋಗುವ ತಾಯಿಯೊಬ್ಬಳ ಹಾಡಿದೆ, 'ಯೂ ಹ್ಯಾವ್ ಬೀನ್ ಲವ್ಡ್'. ಅದನ್ನು ಇನ್ನೊಮ್ಮೆ ಪೂರ್ತಿ ಕೇಳಿ ಆಮೇಲೆ ಮಾತಾಡಿ ಎಂದು ಮೊನ್ನೆಯೂ ಹೇಳಿದೆ.