ಪಾಪ, ಹೆಂಡತಿ ಏನು ಮಾಡಿಯಾಳು?

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನು, ಸರ್ವಾಧಿಕಾರಿಗಳ ಮಾತು ಬಂದಾಗ, ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ: "ದೇಶ ಹಾಳು ಮಾಡಿದ್ದು ಗಂಡ. ಪಾಪ, ಹೆಂಡತಿ ಏನು ಮಾಡಿಯಾಳು ಮೇಡಂ?"

ಏನೂ ಮಾಡಲಾಗದೆ ಮನೆಯೊಳಗೇ ಉಳಿದವರೂ ಇದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ರೊಮೇನಿಯಾದ ಸರ್ವಾಧಿಕಾರಿಯ ಹೆಂಡತಿ ಎಲೆನಾ ಚೌಶೆಸ್ಕು.

ಹಳ್ಳಿಯ ಹುಡುಗಿ. ಶಾಲೆ ಬೇಗ ಬಿಟ್ಟು, ಬುಕಾರೆಸ್ಟಿಗೆ ಬಂದು ಜವಳಿ ಕಾರ್ಖಾನೆಯಲ್ಲಿ ದುಡಿದವಳು. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ, ಅಲ್ವಾ? ಆಕೆಗೆ ಮಾತ್ರ ಅದು ಚುಚ್ಚುತ್ತಿತ್ತು ಅಂತ ಕಾಣುತ್ತದೆ. 1965ರಲ್ಲಿ ಗಂಡ ನಿಕೊಲಾಯೆ, ದೇಶ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥನಾದ. 1967ರಲ್ಲಿ ಈಕೆಗೆ ರಸಾಯನಶಾಸ್ತ್ರದ ಡಾಕ್ಟರೇಟ್ ಬಂತು! ವಿಷಯ ಕೃತಕ ರಬ್ಬರು. ಬರೆದವರು ಬೇರೆ ಎಂದು ಆಮೇಲೆ ಅಲ್ಲಿನ ರಸಾಯನಶಾಸ್ತ್ರಜ್ಞರೇ ಹೇಳಿದರು. ಕಾರ್ಬನ್ ಡೈಆಕ್ಸೈಡಿನ ಸೂತ್ರ CO2, ಅದನ್ನು ರೊಮೇನಿಯನ್ನಿನಲ್ಲಿ "ಚೆ-ಒ-ದೊಯ್" ಎಂದು ಓದಬೇಕು. ಆಕೆ "ಕೊದೊಯ್" ಎಂದು ಓದಿದಳಂತೆ. ಹಾಗೆಂದರೆ ಅಲ್ಲಿ ದೊಡ್ಡ ಬಾಲ. ಜನ ಅದನ್ನೇ ಅಡ್ಡಹೆಸರು ಮಾಡಿ, ಗುಟ್ಟಾಗಿ ಆಡಿಕೊಂಡು ನಗುತ್ತಿದ್ದರು. ಪತ್ರಿಕೆಗಳು ಮಾತ್ರ ಆಕೆಯ ಹೆಸರಿನ ಹಿಂದೆ "ಅಕಾಡೆಮಿಶಿಯನ್ ಡಾಕ್ಟರ್ ಇಂಜಿನಿಯರ್" ಎಂದು ಅಚ್ಚು ಹಾಕುತ್ತಿದ್ದವು.

ಇಷ್ಟೇ ಆಗಿದ್ದರೆ ನಾವೂ ನಕ್ಕು ಸುಮ್ನಾಗಬಹುದಿತ್ತು. 1979ರಲ್ಲಿ ಪಕ್ಷ ಮತ್ತು ಸರ್ಕಾರದ ನೇಮಕಾತಿ ನೋಡಿಕೊಳ್ಳುವ ಆಯೋಗ ಆಕೆಯ ಕೈಗೆ ಬಂತು. ಯಾರನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು, ಯಾರನ್ನು ಎಬ್ಬಿಸಬೇಕು ಎಂಬ ಪಟ್ಟಿ ಅಲ್ಲಿಂದಲೇ ಹೋಗಬೇಕು. ಮರುವರ್ಷ ಉಪಪ್ರಧಾನಿಯೂ ಆದಳು. ಗಂಡ ಪ್ರೀತಿಯಿಂದ ಕೊಟ್ಟ ಅಧಿಕಾರ ಅಂತ ನನಗನಿಸುವುದಿಲ್ಲ. ಸರ್ವಾಧಿಕಾರಿಗೆ ಪಕ್ಕದಲ್ಲಿ ಕೂತವನ ಮೇಲೂ ಅನುಮಾನ. ಇವತ್ತು ಜೈಕಾರ ಹಾಕಿದವನು ನಾಳೆ ಕುರ್ಚಿಗೇ ಕೈ ಹಾಕಬಹುದು. ಹೆಂಡತಿ ಹಾಗಲ್ಲ, ಅವಳ ಗತಿ ಗಂಡನ ಗತಿಯ ಜೊತೆ ಗಂಟು ಬಿದ್ದಿರುತ್ತದೆ. ಪಟ್ಟಿಯನ್ನು ಅವಳ ಕೈಗೆ ಕೊಟ್ಟರೆ ರಾತ್ರಿ ನಿದ್ದೆ ಬರುತ್ತದೆ.

1989ರ ಡಿಸೆಂಬರ್ 25. ಜನ ದಂಗೆ ಎದ್ದು, ಗಂಡ ಹೆಂಡತಿ ಇಬ್ಬರೂ ಸೆರೆ ಸಿಕ್ಕಿದ್ದರು. ತಿರ್ಗೊವಿಷ್ಟೆಯ ಸೇನಾ ನೆಲೆಯಲ್ಲಿ ಸುಮಾರು ಒಂದು ಗಂಟೆಯ ವಿಚಾರಣೆ, ಇಬ್ಬರಿಗೂ ಮರಣದಂಡನೆ. ಅದು ನ್ಯಾಯವಾಗಿ ನಡೆಯಿತು ಅಂತ ನಾನಂತೂ ಹೇಳುವುದಿಲ್ಲ. ತುಪ್ಪಳದ ಕಾಲರಿನ ಕೋಟು ತೊಟ್ಟಿದ್ದ ಆಕೆ, ಹಗ್ಗ ಹಿಡಿದು ಕೈ ಕಟ್ಟಲು ಬಂದ ಸೈನಿಕರನ್ನು ಗದರಿದಳು, ತಾಯಿಯ ಹಾಗೆ ನಿಮ್ಮನ್ನೆಲ್ಲ ಸಾಕಿದ್ದೆ ಎಂದು. ಒಬ್ಬೊಬ್ಬರನ್ನೇ ಒಯ್ಯುವುದು ಬೇಡ, ಸಾಯುವುದಾದರೆ ಇಬ್ಬರೂ ಒಟ್ಟಿಗೆ ಎಂದೂ ಹಟ ಹಿಡಿದಿದ್ದಳು. ಆ ಮಾತು ನಡೆಯಿತು.