ಜೋನಾ ಲೋಮು ಮತ್ತು ಕಾಕಾನ ಡಯಾಲಿಸಿಸ್ ಸರದಿ

ನನ್ನ ಕಾಕಾ ಒಂದು ಕಾಲಕ್ಕೆ ಗೋಕಾಕ ಸುತ್ತಲಿನ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿ ಹಿಡಿದವರು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆಂದು ಬೆಳಗಾವಿಗೆ ಬರುತ್ತಾರೆ; ಆ ನಾಲ್ಕು ತಾಸು ಅವರ ಪಕ್ಕದಲ್ಲಿ ಕೂರುವವನು ನಾನು. ಹೊತ್ತು ಕಳೆಯಲೆಂದು ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ಹುಡುಕುತ್ತಿದ್ದಾಗ ಸಿಕ್ಕವನು ನ್ಯೂಜಿಲೆಂಡಿನ ರಗ್ಬಿ ಆಟಗಾರ ಜೋನಾ ಲೋಮು.

ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಡಿದುಕೊಂಡು ಓಡಬೇಕು, ಇಲ್ಲವೇ ಒದೆಯಬೇಕು. ಎದುರಾಳಿಯ ಗೆರೆಯಾಚೆ ಅದನ್ನು ನೆಲಕ್ಕೊತ್ತಿದರೆ ಟ್ರೈ, ಐದು ಅಂಕ. ಅಂಚಿನಲ್ಲಿ ಆಡುವ ವಿಂಗ್ ಆಟಗಾರರು ಸಾಮಾನ್ಯವಾಗಿ ಹಗುರ ಮೈಯ ಓಟಗಾರರಾಗಿರುತ್ತಿದ್ದರು. ಆ ಜಾಗಕ್ಕೆ ಸುಮಾರು 120 ಕಿಲೋ ತೂಕದ, ಆರೂವರೆ ಅಡಿಗೆ ಸಮೀಪದ ಹುಡುಗನೊಬ್ಬ ಬಂದು, ಉಳಿದವರಷ್ಟೇ ವೇಗವಾಗಿ ಓಡಿದ್ದೇ ಆ ಕಾಲದ ಸೋಜಿಗ.

1994ರಲ್ಲಿ, 19ನೇ ವಯಸ್ಸಿಗೆ, ಫ್ರಾನ್ಸ್ ವಿರುದ್ಧ ದೇಶದ ಪರ ಮೊದಲ ಪಂದ್ಯ ಆಡಿದ. ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಮೇಲೆ ನಾಲ್ಕು ಟ್ರೈ ಹೊಡೆದ. ಮೊದಲನೆಯದರಲ್ಲಿ ಅಡ್ಡ ಬಂದ ಮೈಕ್ ಕ್ಯಾಟ್‌ನನ್ನು ಅಕ್ಷರಶಃ ತುಳಿದುಕೊಂಡೇ ಹೋದ. ಅದನ್ನು ನೋಡಿ ಕಾಕಾ, "ಎದಿಗೆ ಎದಿ ಕೊಟ್ರ ಹಿಂಗ ಆಗೂದು, ಕಾಲಿಗೆ ಬೀಳಬೇಕಿತ್ತು" ಎಂದರು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದವರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಲೋಮುಗೆ ಒಂದೂ ಟ್ರೈ ದಕ್ಕಲಿಲ್ಲ, ಹೆಚ್ಚುವರಿ ಅವಧಿಯಲ್ಲಿ ನ್ಯೂಜಿಲೆಂಡ್ 12–15ರಿಂದ ಸೋತಿತು.

ಆ ಫೈನಲ್‌ಗೆ ಮುನ್ನಾದಿನವೇ ಟಿವಿ ಹಕ್ಕುಗಳಿಗಾಗಿ ಹತ್ತು ವರ್ಷಕ್ಕೆ 55 ಕೋಟಿ ಡಾಲರಿನ ಒಪ್ಪಂದ ಪ್ರಕಟವಾಗಿತ್ತು. ಆಗಸ್ಟ್ ತಿಂಗಳಲ್ಲಿ ರಗ್ಬಿ ಯೂನಿಯನ್ ಹವ್ಯಾಸಿ ಆಟವೆಂಬ ಹಳೆಯ ಕಟ್ಟಳೆಯೇ ಬಿದ್ದುಹೋಯಿತು. ಹಣ ತೆಗೆದುಕೊಂಡು ಆಡುವ ಆ ಹೊಸ ಕಾಲದ ಮೊದಲ ದೊಡ್ಡ ಹೆಸರು ಲೋಮುವಿನದು. ಅದೇ ವರ್ಷದ ಕೊನೆಗೆ ಅವನಿಗೆ ನೆಫ್ರಾಟಿಕ್ ಸಿಂಡ್ರೋಮ್ ಇರುವುದು ಗೊತ್ತಾಯಿತು.

ಈ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಪದರ ಕೆಟ್ಟು, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದೊಂದಿಗೆ ಸೋರಿಹೋಗುತ್ತದೆ, ಮೈ ಬಾತುಕೊಳ್ಳುತ್ತದೆ. ಇದನ್ನು ಕಾಕಾಗೆ ವಿವರಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಲು, ಬದಾಮಿಯ ಖುರಾಕಿನಲ್ಲೇ ಬೆಳೆದ ಪೈಲ್ವಾನನಿಗೆ, ಉಂಡದ್ದು ಮೈಯಲ್ಲಿ ನಿಲ್ಲದಿರುವುದಕ್ಕಿಂತ ದೊಡ್ಡ ಸಂಕಟ ಯಾವುದಿದೆ?

ನನ್ನ ತಕರಾರು ಇರುವುದು ಇಲ್ಲಿಯೇ. 1995ರ ಅಬ್ಬರದ ನಂತರ ಲೋಮು ಇಳಿಮುಖನಾದ ಎಂದು ಅವನ ಬಗ್ಗೆ ಬರೆಯುವ ಹಲವರು ಸಲೀಸಾಗಿ ಹೇಳಿಬಿಡುತ್ತಾರೆ. 1997ರ ಬಹುಭಾಗವನ್ನು ಚಿಕಿತ್ಸೆಯಲ್ಲೇ ಕಳೆದವನು ಮರುವರ್ಷ ಕೌಲಾಲಂಪುರದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ರಗ್ಬಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ. 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಗಳಿಸಿದ, ಅಂದರೆ 1995ಕ್ಕಿಂತ ಒಂದು ಹೆಚ್ಚು. ದೇಶದ ಪರ ಆಡಿದ 63 ಟೆಸ್ಟ್‌ಗಳಲ್ಲಿ 37 ಟ್ರೈ ಎಂಬ ಲೆಕ್ಕದ ಬಹುಪಾಲು ಕಾಯಿಲೆಯ ಮೈಯಿಂದಲೇ ಬಂದದ್ದು. ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್‌ಗಳಲ್ಲಿ ಅವನಿಗೆ ಕೊನೆಯವರೆಗೂ ಟ್ರೈ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ.

2002ಕ್ಕೆ ಟೆಸ್ಟ್ ಆಟ ಮುಗಿಯಿತು, 2003ರಲ್ಲಿ ಡಯಾಲಿಸಿಸ್ ಶುರುವಾಯಿತು. 2004ರಲ್ಲಿ ಗ್ರಾಂಟ್ ಕೆರಿಯಾಮಾ ಎಂಬ ರೇಡಿಯೋ ನಿರೂಪಕ ಗೆಳೆಯ ತನ್ನ ಒಂದು ಕಿಡ್ನಿ ಕೊಟ್ಟ. ಆ ಕಿಡ್ನಿಯೊಂದಿಗೆ ಮರುವರ್ಷದ ಡಿಸೆಂಬರಿನಲ್ಲಿ ಲೋಮು ವೇಲ್ಸ್ ದೇಶದ ಕಾರ್ಡಿಫ್ ಬ್ಲೂಸ್ ತಂಡದ ಪರ ಮತ್ತೆ ಕಣಕ್ಕಿಳಿದ. ಆ ಕಿಡ್ನಿಯೂ ಕೆಲವು ವರ್ಷಗಳ ಬಳಿಕ ಕೈಕೊಟ್ಟಿತು. 2015ರ ನವೆಂಬರ್ 18ರಂದು, 40ನೇ ವಯಸ್ಸಿನಲ್ಲಿ, ತೀರಿಕೊಂಡ.

ಈ ಕೊನೆಯ ಭಾಗವನ್ನು ಕಾಕಾಗೆ ನಾನಿನ್ನೂ ಹೇಳಿಲ್ಲ. ಕಳೆದ ವಾರ ಸೂಜಿ ಚುಚ್ಚಿಸಿಕೊಳ್ಳುವಾಗ ಅವರು, "ಕಿಡ್ನಿ ಕೊಟ್ಟ ಆ ಗೆಳ್ಯಾ ಆರಾಮ ಅದಾನೇನು?" ಎಂದು ಕೇಳಿದರು.